ಸ್ಟೇಜ್‌ಕೋಚ್ ಪ್ರಯಾಣಿಕರು ರಾತ್ರಿ ಎಲ್ಲಿ ಮಲಗುತ್ತಿದ್ದರು?

ಪ್ರಶ್ನೆ: ಅಮೆರಿಕದ ಯೂಟಾದಲ್ಲಿ ಫೇರ್‌ಫೀಲ್ಡ್ ಎಂಬ ಹಳ್ಳಿಯ ಹಳೇ ಸ್ಟೇಜ್‌ಕೋಚ್ ಇನ್ (ತಂಗುಮನೆ) ನೋಡಿ ಬಂದೆವು. ಕುದುರೆ ಗಾಡಿಯಲ್ಲಿ ಬಂದವರೆಲ್ಲ ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಮುಂದೆ ಹೋಗುತ್ತಿದ್ದರಾ?

ಉತ್ತರ: ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ದೂರದ ಗಾಡಿಗಳನ್ನು ಓಡಿಸುತ್ತಿದ್ದದ್ದು ಮುಖ್ಯವಾಗಿ ಟಪಾಲಿಗಾಗಿ. ಸರ್ಕಾರದ ದುಡ್ಡು ಬರುತ್ತಿದ್ದದ್ದು ಅದಕ್ಕೇ. ದಕ್ಷಿಣದ ದಾರಿಯಲ್ಲಿ 1858ರಲ್ಲಿ ಶುರುವಾದ ಬಟರ್‌ಫೀಲ್ಡ್ ಕಂಪನಿಯ ಟಪಾಲು ಗಾಡಿಗಳ ಕರಾರು ನೋಡಿ. ಸುಮಾರು 2,800 ಮೈಲಿ, 25 ದಿನದೊಳಗೆ ಮುಗಿಸಬೇಕು. ಅಂದರೆ ದಿನಕ್ಕೆ 112 ಮೈಲಿ. ಗಾಡಿಯ ಸರಾಸರಿ ವೇಗ ಗಂಟೆಗೆ ಸುಮಾರು 5 ಮೈಲಿ. ರಾತ್ರಿಯೆಲ್ಲ ನಿಂತರೆ ಇದು ಹೇಗೆ ಸಾಧ್ಯ, ನೀವೇ ಹೇಳಿ. ನಮ್ಮ ರಾತ್ರಿ ಬಸ್ಸಿನ ಹಾಗೆ, ಕೂತಲ್ಲೇ ತೂಕಡಿಸಬೇಕಿತ್ತು. ಒಳಗೆ ಮೂರು ಸಾಲಿನಲ್ಲಿ ಒಂಬತ್ತು ಜನ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ.

ದಾರಿಯಲ್ಲಿ ನಿಲ್ಲುತ್ತಿದ್ದದ್ದು ಕುದುರೆ ಬದಲಿಸಲು, ಆಗಾಗ ಊಟಕ್ಕೆ. ಅಷ್ಟೇ. ಸುಸ್ತಾಯಿತು ಅಂತ ಸುಮ್ನೆ ಇಳಿದುಬಿಟ್ಟರೆ ಗಾಡಿ ಹೊರಟೇಹೋಗುತ್ತಿತ್ತು. ಮುಂದಿನದು ಬರಲು ದಿನಗಟ್ಟಲೆ ಕಾಯಬೇಕು, ಬಂದರೂ ಅದರಲ್ಲಿ ಜಾಗ ಇರಬೇಕಲ್ವಾ?

ಹಾಗಾದರೆ ಈ ಇನ್‌ನ ಹಾಸಿಗೆಗಳು ಯಾರಿಗೆ? ಹೆಚ್ಚಾಗಿ ಅದೇ ಊರಲ್ಲಿ ಕೆಲಸ ಇದ್ದವರಿಗೆ. ಜಾನ್ ಕಾರ್ಸನ್ ಇದನ್ನು ಕಟ್ಟಿದ್ದು 1858ರಲ್ಲಿ. ಅದೇ ವರ್ಷ ಪಕ್ಕದಲ್ಲೇ ಕ್ಯಾಂಪ್ ಫ್ಲಾಯ್ಡ್ ಎಂಬ ಸೈನ್ಯದ ಶಿಬಿರ ಎದ್ದಿತು. ಸುಮಾರು 3,500 ಸೈನಿಕರು ಬಂದಿಳಿದರು. ಅವರ ಹಿಂದೆಯೇ ವ್ಯಾಪಾರಿಗಳು, ಗುತ್ತಿಗೆದಾರರು. ಸೈನ್ಯದ ಸುತ್ತ ಹೆಂಡದಂಗಡಿಗಳು ತುಂಬಿದ್ದರೂ ಕಾರ್ಸನ್ ತನ್ನ ಮನೆಯೊಳಗೆ ಮದ್ಯಕ್ಕೆ ಜಾಗ ಕೊಡಲಿಲ್ಲ. ಆತ ಮದ್ಯ ಬೇಡವೆನ್ನುವ ಮಾರ್ಮನ್ ಎಂಬ ಕ್ರೈಸ್ತ ಪಂಥದವನು.

ನನಗೆ ಇದಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ ಬೇರೆ. ಸೈನ್ಯ ಹೋದಮೇಲೂ ಇನ್ ಉಳಿದದ್ದು ಹೇಗೆ? 1861ರಲ್ಲಿ ಅಂತರ್ಯುದ್ಧ ಶುರುವಾಗಿ ಸೈನಿಕರನ್ನು ವಾಪಸ್ ಕರೆಸಿಕೊಂಡರು. ಸುಮಾರು 40 ಲಕ್ಷ ಡಾಲರ್ ಬೆಲೆಯ ಸಾಮಾನು ಹರಾಜಿನಲ್ಲಿ 1 ಲಕ್ಷ ಡಾಲರಿನ ಆಸುಪಾಸಿಗೆ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಲಿಗ್ರಾಫ್ ತಂತಿ ಬಂತು, ಕುದುರೆ ಸವಾರರ ಪೋನಿ ಎಕ್ಸ್‌ಪ್ರೆಸ್ ಟಪಾಲು ನಿಂತಿತು. 1869ರಲ್ಲಿ ಪೂರ್ವ ಪಶ್ಚಿಮ ಜೋಡಿಸಿದ ರೈಲು ಈ ಊರನ್ನು ಬಿಟ್ಟು ಉತ್ತರದಲ್ಲಿ ಹಾದುಹೋಯಿತು. ಇಷ್ಟಾದರೂ ಕಾರ್ಸನ್ ಮನೆತನ ಬಾಗಿಲು ಹಾಕಲಿಲ್ಲ. ಹಳ್ಳಿಯ ದಾರಿಯಲ್ಲಿ ಬರುವವರಿಗೆ ಊಟ, ಹಾಸಿಗೆ ಕೊಡುತ್ತಾ 1947ರವರೆಗೆ ನಡೆಸಿದರು. ಸೈನ್ಯ ಕಟ್ಟಿದ್ದರಲ್ಲಿ ಈಗ ನಿಂತಿರುವುದು ಒಂದು ಉಗ್ರಾಣದ ಕಟ್ಟಡ ಮಾತ್ರ.