ಬಿಲ್ಲೆ ಉದುರಿದಷ್ಟೇ ಹಣ್ಣು: ಮಾನ್‌ಸ್ಟೆರಾ ತಿನ್ನುವ ಕ್ರಮ

ಅಗಲವಾದ ಎಲೆ, ಎಲೆಯ ತುಂಬ ಸೀಳು ಮತ್ತು ತೂತು. ಮಾನ್‌ಸ್ಟೆರಾ ಗಿಡವನ್ನು ಕುಂಡದಲ್ಲಿ ಕಂಡವರು ಬೇಕಾದಷ್ಟು ಜನ. ಅದು ಹಣ್ಣು ಬಿಡುತ್ತದೆ ಎಂಬುದು ಮಾತ್ರ ಅವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಫ್ರೆಡೆರಿಕ್ ಲೀಬ್ಮನ್ 1849ರಲ್ಲಿ ಈ ಬಳ್ಳಿಗೆ ‘ಮಾನ್‌ಸ್ಟೆರಾ ಡೆಲಿಸಿಯೋಸಾ’ ಎಂಬ ಹೆಸರು ಕೊಟ್ಟ. ಎರಡನೆಯ ಪದದ ಅರ್ಥ ‘ರುಚಿಕರ’. ಹೆಸರು ಸುಳ್ಳಲ್ಲ. ಅನಾನಸ್ ಮತ್ತು ಬಾಳೆಹಣ್ಣನ್ನು ಒಟ್ಟಿಗೆ ತಿಂದ ಹಾಗಿರುತ್ತದೆ ಇದರ ರುಚಿ, ಪರಿಮಳವೂ ಹಾಗೆಯೇ. ಆದರೆ ಇದೇ ಹಣ್ಣನ್ನು ನಾಲ್ಕು ದಿನ ಮೊದಲು ಕಚ್ಚಿದರೆ ಬಾಯಿ, ತುಟಿ, ಗಂಟಲೆಲ್ಲ ಸೂಜಿ ಚುಚ್ಚಿದಂತೆ ಉರಿಯುತ್ತದೆ. ಹಾಗಾಗಿ ಇದನ್ನು ತಿನ್ನುವುದೆಂದರೆ ಮುಖ್ಯವಾಗಿ ಕಾಯುವುದು, ಮತ್ತು ಎಲ್ಲಿಯವರೆಗೆ ಕಾಯಬೇಕು ಎಂದು ತಿಳಿದುಕೊಳ್ಳುವುದು.

ಮೊದಲು ಹಣ್ಣಿನ ರಚನೆ ನೋಡೋಣ. ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಮಳೆಕಾಡುಗಳಲ್ಲಿ ಮರಗಳನ್ನು ತಬ್ಬಿಕೊಂಡು ಹತ್ತುವ ಈ ಬಳ್ಳಿ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಹೂವೂ ಆ ಕುಟುಂಬದ ಮಾದರಿಯದೇ: ಕೆನೆಬಿಳುಪಿನ ಒಂದು ಹಾಳೆ, ಅದರ ಮಡಿಲಲ್ಲಿ ನೆಟ್ಟಗೆ ನಿಂತ ಒಂದು ದಿಂಡು. ದಿಂಡಿನ ಮೈತುಂಬ ನೂರಾರು ಪುಟ್ಟ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಹಾಳೆ ಬಿದ್ದುಹೋದ ಮೇಲೆ ಒಂದೊಂದು ಹೂವೂ ಒಂದೊಂದು ಕಾಯಾಗಿ, ಎಲ್ಲವೂ ಅಂಟಿಕೊಂಡು, ಹಸಿರು ಮೆಕ್ಕೆಜೋಳದ ತೆನೆಯಂಥ ಆಕಾರ ಮೂಡುತ್ತದೆ. ಉದ್ದ 20ರಿಂದ 30 ಸೆಂಟಿಮೀಟರ್, ದಪ್ಪ 5ರಿಂದ 9 ಸೆಂಟಿಮೀಟರ್. ಮೇಲಿನ ಸಿಪ್ಪೆ ಆರು ಮೂಲೆಯ ಗಟ್ಟಿ ಬಿಲ್ಲೆಗಳನ್ನು ಜೋಡಿಸಿಟ್ಟಂತೆ ಕಾಣುತ್ತದೆ. ಪ್ರತಿ ಬಿಲ್ಲೆಯ ಕೆಳಗೂ ಒಂದು ತೊಳೆ, ಆ ತೊಳೆಯೇ ಒಂದು ಹೂವಿನ ಹಣ್ಣು. ನಾವು ಒಂದು ಹಣ್ಣು ಎನ್ನುವುದು ವಾಸ್ತವದಲ್ಲಿ ನೂರಾರು ಹಣ್ಣುಗಳ ಗೊಂಚಲು. ಅವೆಲ್ಲ ಒಂದೇ ದಿನ ಮಾಗುವುದಿಲ್ಲ. ತೊಟ್ಟಿನ ಕಡೆಯ ತೊಳೆಗಳು ಮೊದಲು ಮಾಗುತ್ತವೆ, ತುದಿಯವು ಕೊನೆಗೆ.

ಹೂವಿನಿಂದ ಬಲಿತ ಕಾಯಿಯಾಗಲು ಒಂದು ವರ್ಷ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಒಂದೇ ಬಳ್ಳಿಯಲ್ಲಿ ಹೋದ ವರ್ಷದ ಕಾಯಿಯೂ ಈ ವರ್ಷದ ಹೂವೂ ಅಕ್ಕಪಕ್ಕ ಇರುವುದು ಇದಕ್ಕೇ. ಕಾಯಿ ಪೂರ್ತಿ ಬೆಳೆದ ಮೇಲೂ ತಿಂಗಳುಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ, ಹಾಗಾಗಿ ಗಾತ್ರ ನೋಡಿ ಕೊಯ್ದರೆ ಮೋಸ ಹೋಗುವುದು ಖಂಡಿತ. ಎಳೆಯದರಲ್ಲೇ ಕೊಯ್ದ ಕಾಯಿ ಸುಕ್ಕುಗಟ್ಟುತ್ತದೆಯೇ ಹೊರತು ಸರಿಯಾಗಿ ಹಣ್ಣಾಗುವುದಿಲ್ಲ.

ನೋಡಬೇಕಾದದ್ದು ತೊಟ್ಟಿನ ಪಕ್ಕದ ಎರಡು ಮೂರು ಸಾಲು ಬಿಲ್ಲೆಗಳನ್ನು. ಕಾಯಿ ಬಲಿತಾಗ ಅಲ್ಲಿನ ಕಡುಹಸಿರು ತಿಳಿಯಾಗಿ ಹಳದಿಗೆ ತಿರುಗುತ್ತದೆ, ಬಿಲ್ಲೆಗಳ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಆ ಭಾಗ ಸ್ವಲ್ಪ ಉಬ್ಬಿದಂತೆ ತೋರುತ್ತದೆ. ಆಗ 2-3 ಸೆಂಟಿಮೀಟರ್ ತೊಟ್ಟು ಉಳಿಸಿ ಕೊಯ್ಯಬೇಕು. ಗಿಡದ ರಸ ಚರ್ಮಕ್ಕೆ ತಾಗಿದರೆ ತುರಿಕೆ ಬರಬಹುದು, ಕೈಗವಸು ಹಾಕಿಕೊಂಡರೆ ಒಳ್ಳೆಯದು. ಕೊಂಡು ತರುವವರಿಗೂ ಇದೇ ಗುರುತು: ಬುಡದಲ್ಲಿ ಸಂದು ಬಿಟ್ಟಿರುವುದನ್ನು ಆರಿಸಿ. ಒಂದೆರಡು ಬಿಲ್ಲೆ ಆಗಲೇ ಬಿದ್ದಿದ್ದರೂ ಚಿಂತೆಯಿಲ್ಲ. ಆದರೆ ಬಿಲ್ಲೆ ಬಿದ್ದ ಜಾಗ ಕಂದಾಗಿದ್ದರೆ, ಹುಳಿತ ವಾಸನೆ ಬರುತ್ತಿದ್ದರೆ ಬೇಡ. ಕಡೆಯಿಂದ ಕಡೆಗೆ ಒಂದೇ ಸಮ ಹಸಿರಾಗಿ, ಕಲ್ಲಿನಂತೆ ಬಿಗಿಯಾಗಿರುವುದೂ ಬೇಡ.

ಇನ್ನು ಮನೆಯಲ್ಲಿ ಮಾಗಿಸುವ ಕೆಲಸ. ಎತ್ತರದ ಲೋಟದಲ್ಲಿ ತೊಟ್ಟು ಕೆಳಗಾಗಿ ನಿಲ್ಲಿಸಿ, ಅಥವಾ ಕಾಗದದಲ್ಲಿ ಸುತ್ತಿ ಮಲಗಿಸಿ. ಬಿಸಿಲು ಬೇಡ, ಕೋಣೆಯ ಸಾಮಾನ್ಯ ಬಿಸುಪು ಸಾಕು. ಕಾಗದ ಸುತ್ತುವುದರಿಂದ ಎರಡು ಲಾಭ. ಉದುರುವ ಬಿಲ್ಲೆಗಳು ಒಂದೇ ಕಡೆ ಸಿಗುತ್ತವೆ, ಜೊತೆಗೆ ಮಾಗುತ್ತಿರುವ ಬುಡ ಹೊರಬಿಡುವ ಎಥಿಲೀನ್ ಅನಿಲ ಒಳಗೇ ಉಳಿದು ತುದಿಯನ್ನೂ ಮಾಗಲು ಪ್ರೇರೇಪಿಸುತ್ತದೆ. ಬುಡ ಮತ್ತು ತುದಿಯ ನಡುವಿನ ಅಂತರ ಹೀಗೆ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದು ಕಟ್ಟಿದರೆ ಒಳಗೆ ತೇವ ನಿಂತು, ಬಿಲ್ಲೆ ಬಿದ್ದ ಜಾಗಕ್ಕೆ ಬೂಷ್ಟು ಹಿಡಿಯುತ್ತದೆ. ಮಾಗುವ ಮೊದಲೇ ಫ್ರಿಜ್ಜಿನಲ್ಲಿಟ್ಟರೆ ಮಾಗುವಿಕೆಯೇ ನಿಂತುಬಿಡುತ್ತದೆ. ಬುಡದಲ್ಲಿ ಸಂದು ಬಿಟ್ಟ ಹಣ್ಣು ತುದಿಯವರೆಗೆ ಮಾಗಲು ಸಾಮಾನ್ಯವಾಗಿ 5ರಿಂದ 6 ದಿನ ಹಿಡಿಯುತ್ತದೆ.

ಈ ದಿನಗಳಲ್ಲಿ ಹಣ್ಣನ್ನು ಹತ್ತಿರದಿಂದ ನೋಡುತ್ತಿರಬೇಕು. ಮೊದಲ ದಿನ ಬುಡದ ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿದರೆ ಅದು ಅಲುಗಾಡುತ್ತದೆ, ಆದರೆ ಬಿಡುವುದಿಲ್ಲ. ಮರುದಿನ ಅದೇ ಬಿಲ್ಲೆ ಬೆರಳು ತಾಗಿದರೆ ಸಾಕು, ಕಳಚಿ ಬೀಳುತ್ತದೆ. ಅಡಿಯಲ್ಲಿ ತಿಳಿಹಳದಿ ಛಾಯೆಯ ಬಿಳಿ ತೊಳೆ, ಮೇಲೆ ಒಂದಿಷ್ಟು ರಸದ ಹೊಳಪು, ಕೋಣೆಯೆಲ್ಲ ಅನಾನಸಿನ ಪರಿಮಳ. ಅದಕ್ಕಿಂತ ನಾಲ್ಕು ಸಾಲು ಮೇಲಿನ ಬಿಲ್ಲೆ ಇನ್ನೂ ಕಚ್ಚಿಕೊಂಡೇ ಕೂತಿರುತ್ತದೆ. ಅದನ್ನು ಉಗುರಿನಿಂದ ಕೀಳಬೇಡಿ, ಚಾಕು ಹಾಕಿ ಎಬ್ಬಿಸಲೂ ಬೇಡಿ. ಬಿಲ್ಲೆ ತಾನಾಗಿ ಉದುರಿದಷ್ಟು ಭಾಗ ಹಣ್ಣು, ಉಳಿದದ್ದು ಇನ್ನೂ ಕಾಯಿ. ಇಷ್ಟು ಸ್ಪಷ್ಟವಾಗಿ ತನ್ನ ಹದ ತಾನೇ ಹೇಳುವ ಹಣ್ಣು ಅಪರೂಪ.

ಕಾಯಿ ಯಾಕೆ ಹಾಗೆ ಚುಚ್ಚುತ್ತದೆ? ಅದರ ಕೆಲವು ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಸೂಜಿಯ ಆಕಾರದಲ್ಲಿ ಕಂತೆ ಕಟ್ಟಿಕೊಂಡು ಕೂತಿರುತ್ತವೆ. ವಿಜ್ಞಾನದಲ್ಲಿ ಇವಕ್ಕೆ ‘ರಾಫೈಡ್’ ಎಂದು ಹೆಸರು. ಕಚ್ಚಿದಾಗ ಕೋಶ ಒಡೆದು ಸೂಜಿಗಳು ನಾಲಿಗೆಯ ಮೃದು ಚರ್ಮಕ್ಕೆ ನಾಟಿಕೊಳ್ಳುತ್ತವೆ. ಕೆಸುವಿನ ಎಲೆ, ಸುವರ್ಣಗಡ್ಡೆ ತುರಿಸುವುದೂ ಈ ಸೂಜಿಗಳಿಂದಲೇ. ಆದರೆ ಸೂಜಿ ಒಂದೇ ಅಷ್ಟು ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಜಪಾನಿನ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಒಂದು ಸೊಗಸಾದ ಪ್ರಯೋಗವಿದೆ. ಅವರು ಕಿವಿ ಹಣ್ಣಿನಿಂದ ಈ ಸೂಜಿಗಳನ್ನು ಬೇರ್ಪಡಿಸಿ, ಹರಳುಗಿಡದ ಎಲೆಗೆ ಸವರಿ, ಎರಿ ರೇಷ್ಮೆಹುಳುವಿಗೆ ತಿನ್ನಿಸಿದರು. ಬರೀ ಸೂಜಿಯಿಂದ ಹುಳುವಿಗೆ ಹೇಳುವಂಥ ಹಾನಿಯಾಗಲಿಲ್ಲ. ಪ್ರೋಟೀನನ್ನು ಕರಗಿಸುವ ಕಿಣ್ವವನ್ನು ಅದೇ ಅಲ್ಪ ಪ್ರಮಾಣದಲ್ಲಿ ಒಂದನ್ನೇ ಸವರಿದಾಗಲೂ ಅಷ್ಟೆ. ಎರಡನ್ನೂ ಒಟ್ಟಿಗೆ ಸವರಿದಾಗ ಹುಳುಗಳು ಸತ್ತವು. ಸೂಜಿ ತೂತು ಮಾಡುತ್ತದೆ, ಆ ತೂತಿನ ಮೂಲಕ ಕಿಣ್ವ ಒಳನುಗ್ಗುತ್ತದೆ. ಅದೇ ಕ್ಯಾಲ್ಸಿಯಂ ಆಕ್ಸಲೇಟನ್ನು ಸೂಜಿಯಲ್ಲದ ಪುಡಿಯ ರೂಪದಲ್ಲಿ ಕೊಟ್ಟಾಗ ಈ ಪರಿಣಾಮ ಕಾಣಲಿಲ್ಲ, ಅಂದರೆ ಗುಟ್ಟಿರುವುದು ಆಕಾರದಲ್ಲಿ.

ಎಳೆಗಾಯಿಯನ್ನು ಬೇಯಿಸಿ ತಿನ್ನಬಹುದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಆದ್ದರಿಂದ ಕುದಿಸಿದ ಮಾತ್ರಕ್ಕೆ ಸೂಜಿ ಮಾಯವಾಗುವುದಿಲ್ಲ. ಆ ಪ್ರಯತ್ನಕ್ಕೆ ಕೈ ಹಾಕಬಾರದು.

ಪೂರ್ತಿ ಮಾಗಿದ ಭಾಗದಲ್ಲೂ ಒಂದು ಕೆಲಸ ಉಳಿಯುತ್ತದೆ. ತೊಳೆಗಳ ನಡುವೆ ತೆಳುವಾದ ಕಪ್ಪು ಚೂರುಗಳು ಸಿಕ್ಕಿಕೊಂಡಿರುತ್ತವೆ. ಅವು ಹೂವಿನ ಒಣಗಿದ ಅವಶೇಷಗಳು, ಗಂಟಲಿಗೆ ಕೆರೆತ ತರುತ್ತವೆ. ತೊಳೆಗಳನ್ನು ಫೋರ್ಕಿನಿಂದ ನಡುವಿನ ದಿಂಡಿನಿಂದ ಬಿಡಿಸಿ, ಹರಿಯುವ ನೀರಿನಲ್ಲಿ ಕೆಲವೇ ಕ್ಷಣ ಹಿಡಿದರೆ ಹೆಚ್ಚಿನವು ಹೋಗುತ್ತವೆ, ಉಳಿದವನ್ನು ಚಾಕುವಿನ ತುದಿಯಿಂದ ತೆಗೆಯಬೇಕು. ಮಿಕ್ಸಿಗೆ ಹಾಕುವವರು ಈ ಹಂತ ಬಿಡಲೇಬಾರದು, ಒಮ್ಮೆ ರುಬ್ಬಿದ ಮೇಲೆ ಆ ಚೂರುಗಳನ್ನು ಆರಿಸಲು ಆಗುವುದಿಲ್ಲ. ದಿಂಡು ತಿನ್ನುವ ವಸ್ತುವಲ್ಲ. ಕೆಲವು ತೊಳೆಗಳಲ್ಲಿ ಬಟಾಣಿ ಗಾತ್ರದ, ತಿಳಿಹಸಿರಿನ ಗಟ್ಟಿ ಬೀಜ ಸಿಗುತ್ತದೆ. ಅದನ್ನೂ ತೆಗೆದುಬಿಡಿ. ಬಿತ್ತುವ ಆಸೆಯಿದ್ದರೆ ಒಣಗಲು ಬಿಡದೆ ತಕ್ಷಣ ಮಣ್ಣಿಗೆ ಹಾಕಬೇಕು.

ಮೊದಲ ಸಲ ತಿನ್ನುವವರು ಎರಡು ಮೂರು ತೊಳೆಗೆ ನಿಲ್ಲಿಸಿ, ಒಂದು ದಿನ ಬಿಟ್ಟು ನೋಡುವುದು ಕ್ಷೇಮ. ಚೆನ್ನಾಗಿ ಮಾಗಿದ ಹಣ್ಣಿನಿಂದಲೂ ಕೆಲವರ ಮೈಮೇಲೆ ದದ್ದು ಏಳುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದವರು ವೈದ್ಯರನ್ನು ಕೇಳದೆ ತಿನ್ನಬಾರದು. ಅಕಸ್ಮಾತ್ ಕಾಯಿಯ ಭಾಗ ಬಾಯಿಗೆ ಹೋಗಿ ಚುಚ್ಚತೊಡಗಿದರೆ ಉಗಿದು, ಬಾಯಿ ಮುಕ್ಕಳಿಸಿ, ತಣ್ಣನೆಯ ಹಾಲನ್ನೋ ನೀರನ್ನೋ ಗುಟುಕು ಗುಟುಕಾಗಿ ಕುಡಿಯಬೇಕು. ವಾಂತಿ ಮಾಡಿಸಬಾರದು. ನಾಲಿಗೆ, ಗಂಟಲು ಊದಿಕೊಂಡರೆ ಅಥವಾ ಉಸಿರಿಗೆ ತೊಂದರೆಯಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳಿರುವ ಮನೆಯಲ್ಲಿ ಅರ್ಧ ಮಾಗಿದ ಹಣ್ಣನ್ನು ಕೈಗೆಟುಕದ ಕಡೆ ಇಡಿ, ಆ ಪರಿಮಳಕ್ಕೆ ಯಾವ ಮಗುವಾದರೂ ಕೈ ಚಾಚುತ್ತದೆ.

ಎಲೆಯಲ್ಲಿ ತೂತಿದೆ ಎಂದ ಮಾತ್ರಕ್ಕೆ ಅದು ಈ ಗಿಡವೇ ಎಂದುಕೊಳ್ಳಬಾರದು. ಇದೇ ಕುಟುಂಬದ ಬೇರೆ ಬಳ್ಳಿಗಳಿಗೂ ಸೀಳೆಲೆ ಇರುತ್ತದೆ, ಅವುಗಳ ಕಾಯಿ ತಿನ್ನಲು ತಕ್ಕುದಲ್ಲ. ಬಲಿತ ಡೆಲಿಸಿಯೋಸಾ ಎಲೆಯಲ್ಲಿ ಅಂಚಿನ ಸೀಳುಗಳ ಜೊತೆಗೆ ನಡುನರದ ಪಕ್ಕದಲ್ಲೂ ಸಣ್ಣ ತೂತುಗಳಿರುತ್ತವೆ, ಎಲೆಯೂ ತೊಟ್ಟೂ ಕೂಡುವಲ್ಲಿ ನಿರಿಗೆಯಂಥ ಅಲೆಯಂಚು ಕಾಣುತ್ತದೆ. ಖಚಿತವಾಗದಿದ್ದರೆ ತಿನ್ನಬೇಡಿ.

ಒಂದೇ ದಿನ ಇಡೀ ಹಣ್ಣು ಮುಗಿಸಬೇಕಿಲ್ಲ. ದಿನವೂ ಬಿಲ್ಲೆ ಬಿದ್ದಷ್ಟನ್ನು ಬಿಡಿಸಿ ತಿಂದು, ಉಳಿದದ್ದನ್ನು ಮತ್ತೆ ಕಾಗದದಲ್ಲಿ ಸುತ್ತಿಡಬಹುದು. ಎಲ್ಲರೂ ಕೂತು ಒಟ್ಟಿಗೆ ತಿನ್ನಬೇಕೆಂದಿದ್ದರೆ, ಮಾಗಿದ ತೊಳೆಗಳನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಕೂಡಿಡುತ್ತ ಹೋಗಿ, ಸುಮಾರು ಒಂದು ವಾರ ಕೆಡುವುದಿಲ್ಲ. ಸಕ್ಕರೆ ಬೇಕಿಲ್ಲ. ತಣ್ಣಗಾದ ತೊಳೆಯನ್ನು ಹಾಗೆಯೇ ಬಾಯಿಗಿಟ್ಟುಕೊಳ್ಳುವುದು ಎಲ್ಲಕ್ಕಿಂತ ಚೆನ್ನ.