ಫೈಬರ್ ರೆಕ್ಕೆ ದಣಿಯುವ ಬಗೆ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ಪರೀಕ್ಷೆಯಲ್ಲೇ ಗಾಬರಿಯಾಗುತ್ತಾರೆ. ಗಾಳಿಯಂತ್ರದ ರೆಕ್ಕೆ ಮಾಡುವ ವಸ್ತುವಿನ, ಅಂದರೆ ಗ್ಲಾಸ್ ಫೈಬರ್ (ಗಾಜಿನ ನಾರು) ಮತ್ತು ಎಪಾಕ್ಸಿ ಎಂಬ ರೆಸಿನ್ (ಗಟ್ಟಿಯಾಗುವ ಅಂಟು) ಸೇರಿದ ಪಟ್ಟಿಯೊಂದನ್ನು ಯಂತ್ರದ ಹಿಡಿಗಳಿಗೆ ಕಚ್ಚಿಸಿ ಎಳೆದು ಬಿಡುವ ಕೆಲಸ ಶುರುವಾಗಿರುತ್ತದೆ. ಸ್ವಲ್ಪ ಹೊತ್ತಿಗೇ 'ಟಿಕ್, ಟಿಕ್' ಸದ್ದು. "ಸರ್, ಮುರೀತಾ ಇದೆ, ನಿಲ್ಲಿಸಲಾ?" ಬೇಡ ಎನ್ನುತ್ತೇನೆ. ಆ ಪಟ್ಟಿ ಇನ್ನೂ ಹತ್ತು ಲಕ್ಷ ಸಲ ಎಳೆತ ತಾಳಬಹುದು.

ಅವರ ಭಯ ತಪ್ಪಲ್ಲ. ಕಾಲೇಜಿನಲ್ಲಿ ಓದಿದ್ದು ಲೋಹದ ದಣಿವು, ಅಂದರೆ ಮತ್ತೆ ಮತ್ತೆ ಬೀಳುವ ಹೊರೆಗೆ ಲೋಹ ಸೋಲುವ ಮೆಟಲ್ ಫೆಟೀಗ್. ರೈಲಿನ ಚಕ್ರದ ಅಚ್ಚುಗಳು (ಆಕ್ಸಲ್) ಯಾಕೆ ಮುರಿಯುತ್ತವೆ ಎಂದು 19ನೇ ಶತಮಾನದಲ್ಲಿ ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ ಹುಡುಕಿದ ದಾರಿ ಅದು. ಲೋಹದಲ್ಲಿ ಬಹಳ ಕಾಲ ಏನೂ ಕಾಣುವುದಿಲ್ಲ. ಆಮೇಲೆ ಒಂದು ಬಿರುಕು ಹುಟ್ಟಿ, ಅದೇ ಬೆಳೆದು ಮುರಿಯುತ್ತದೆ. ನಾರು, ರೆಸಿನ್ ಸೇರಿಸಿ ಮಾಡಿದ ಫೈಬರ್ ಕಾಂಪೋಸಿಟ್‌ನಲ್ಲಿ ಹಾನಿ ಶುರುವಿನಲ್ಲೇ ಬರುತ್ತದೆ, ಅದೂ ನೂರಾರು ಕಡೆ.

ಗ್ಲಾಸ್ ಫೈಬರ್ ಪಟ್ಟಿಯ ಹಿಂದೆ ಟಾರ್ಚ್ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ. ಎಳೆತಕ್ಕೆ ಅಡ್ಡವಾಗಿ ನಾರು ಹಾಸಿದ ಪದರದಲ್ಲಿ ಕೂದಲಿನಂಥ ಗೆರೆಗಳು ಮೂಡಿರುತ್ತವೆ. ಬಿರಿದದ್ದು ರೆಸಿನ್, ನಾರಲ್ಲ. ಗೆರೆಗಳು ಹೆಚ್ಚುತ್ತಾ ಒತ್ತೊತ್ತಾಗಿ, ಒಂದು ಹಂತಕ್ಕೆ ಬಂದು ನಿಂತುಬಿಡುತ್ತವೆ. ಬಿರುಕಿನ ತುದಿಗಳಲ್ಲಿ ಪದರಗಳು ಮೆಲ್ಲಗೆ ಬಿಟ್ಟುಕೊಳ್ಳುತ್ತವೆ. ಕೊನೆಗೆ, ಎಳೆತದ ದಿಕ್ಕಿಗೇ ಇದ್ದು ಭಾರ ಹೊತ್ತ ನಾರುಗಳು ಒಟ್ಟಿಗೆ ಕಡಿದುಹೋಗುತ್ತವೆ.

ಹಾಗಾಗಿ ನಾನು 'ಯಾವಾಗ ಮುರಿಯುತ್ತದೆ' ಅಂತ ಮೊದಲು ಕೇಳುವುದಿಲ್ಲ. 'ಎಷ್ಟು ಬಿಗಿತ ಕಳೆದುಕೊಂಡಿದೆ' ಅಂತ ಕೇಳುತ್ತೇನೆ. ಬಿಗಿತ ಅಂದರೆ ಎಳೆದಾಗ ಹಿಗ್ಗದೆ ತಡೆಯುವ ಗುಣ. ಉಳಿದ ಬಲ ಅಳೆಯಬೇಕಾದರೆ ಪಟ್ಟಿಯನ್ನು ಮುರಿಯಲೇಬೇಕು, ಅಲ್ವಾ? ಬಿಗಿತವನ್ನು ಪರೀಕ್ಷೆ ನಡೆಯುತ್ತಿರುವಾಗಲೇ ಅಳೆಯಬಹುದು. ಅದು ಮೊದಲು ಸರ್ರನೆ ಇಳಿಯುತ್ತದೆ, ಆಮೇಲೆ ಬಹುಕಾಲ ನಿಧಾನ, ಕೊನೆಗೆ ಧಡಕ್ಕನೆ ಬೀಳುತ್ತದೆ. ಆ ಉದ್ದನೆಯ ನಡುಭಾಗದಲ್ಲಿ ಪಟ್ಟಿ ಎಲ್ಲಿದೆ ಎಂದು ಹೇಳಬಲ್ಲವರೇ ಆಯಸ್ಸು ಊಹಿಸಬಲ್ಲರು.

ಊಹೆ ಯಾಕೆ ಬೇಕು? ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೆನೆಸಿಕೊಳ್ಳಿ. ನಿಮಿಷಕ್ಕೆ 15 ಸುತ್ತಿನಂತೆ ನಿಲ್ಲದೆ ತಿರುಗಿದರೆ 20 ವರ್ಷಕ್ಕೆ ಸುಮಾರು 15.8 ಕೋಟಿ ಸುತ್ತು. ಪ್ರತಿ ಸುತ್ತಿನಲ್ಲೂ ರೆಕ್ಕೆ ತನ್ನ ತೂಕಕ್ಕೇ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗುತ್ತದೆ. ಲ್ಯಾಬಿನಲ್ಲಿ ಸೆಕೆಂಡಿಗೆ 5 ಸಲ ಎಳೆದರೆ 10 ಕೋಟಿ ಮುಟ್ಟಲು 231 ದಿನ ಬೇಕು. ಅದೂ ಒಂದೇ ಪಟ್ಟಿಗೆ! ಜೋರಾಗಿ ಓಡಿಸೋಣ ಎಂದರೆ ಪಟ್ಟಿ ಬಿಸಿಯಾಗುತ್ತದೆ. ರೆಸಿನ್ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಬಿಸಿಯಾದ ಪಟ್ಟಿ ಬೇಗ ಸಾಯುತ್ತದೆ, ನಾವು ಅದನ್ನೇ ದಣಿವು ಎಂದು ಬರೆದುಕೊಳ್ಳುತ್ತೇವೆ. ನಾನೂ ಹಿಂದೊಮ್ಮೆ ಗಡುವಿನ ಒತ್ತಡಕ್ಕೆ ವೇಗ ಹೆಚ್ಚಿಸಿ ಒಂದು ಇಡೀ ಸಾಲಿನ ಪಟ್ಟಿಗಳನ್ನು ಕೆಡಿಸಿದ್ದೇನೆ. ಈಗ ಪಟ್ಟಿಗೆ ತಾಪಮಾನದ ತಂತಿ ಅಂಟಿಸದೆ ಯಂತ್ರ ಶುರು ಮಾಡಲು ಬಿಡುವುದಿಲ್ಲ.

ಆದ್ದರಿಂದ ಹೆಚ್ಚು ಹೊರೆಯಲ್ಲಿ ಬೇಗ ಮುರಿಸಿ, ಎಷ್ಟು ಹೊರೆಗೆ ಎಷ್ಟು ಆಯಸ್ಸು ಎಂದು ಪ್ರತಿ ಪಟ್ಟಿಗೆ ಒಂದು ಚುಕ್ಕಿ ಇಟ್ಟು, ಆ ಚುಕ್ಕಿಗಳ ಗೆರೆಯನ್ನು ಕಡಿಮೆ ಹೊರೆಯ ಕಡೆಗೆ ಎಳೆಯುತ್ತೇವೆ. ಒಂದೇ ಹಲಗೆಯಿಂದ ಕತ್ತರಿಸಿದ ಎರಡು ಪಟ್ಟಿಗಳ ಆಯಸ್ಸಿನಲ್ಲಿ ಹತ್ತು ಪಟ್ಟು ವ್ಯತ್ಯಾಸ ಬರುವುದುಂಟು. ಹಾಗಾಗಿ ನಾಲ್ಕು ಚುಕ್ಕಿ ನೋಡಿ ಎಳೆದ ಗೆರೆಯನ್ನು ನಾನು ಒಪ್ಪುವುದಿಲ್ಲ.

ನಿಜವಾದ ಗಾಳಿ ಒಂದೇ ಸಮ ಬೀಸುವುದಿಲ್ಲ. ಹೊರೆ ಹೆಚ್ಚು ಕಡಿಮೆ ಆಗುವಾಗ ಎಲ್ಲರೂ ಹಿಡಿಯುವುದು ಎಂಜಿನಿಯರುಗಳಾದ ಪಾಮ್‌ಗ್ರೆನ್ (1924) ಮತ್ತು ಮೈನರ್ (1945) ಕೊಟ್ಟ ಲೆಕ್ಕವನ್ನು. ಪ್ರತಿ ಹೊರೆಯೂ ಆಯಸ್ಸಿನ ಒಂದು ಪಾಲು ತಿನ್ನುತ್ತದೆ, ಪಾಲುಗಳ ಮೊತ್ತ 1 ಆದಾಗ ಕಥೆ ಮುಗಿಯಿತು. ಲೆಕ್ಕ ಸುಲಭ, ಅದಕ್ಕೇ ಬಳಕೆ ಜಾಸ್ತಿ. ಆದರೆ ಕಾಂಪೋಸಿಟ್‌ನಲ್ಲಿ ಮೊತ್ತ 1 ಆಗುವ ಎಷ್ಟೋ ಮೊದಲೇ ಪಟ್ಟಿ ಮುರಿದದ್ದನ್ನು ನೋಡಿದ್ದೇನೆ. ದೊಡ್ಡ ಹೊರೆ ಮೊದಲು ಬಂತೋ ಆಮೇಲೆ ಬಂತೋ ಎನ್ನುವುದು ಈ ಲೆಕ್ಕಕ್ಕೆ ಬೇಕಿಲ್ಲ, ಪಟ್ಟಿಗೆ ಬೇಕು. ಇನ್ನು ಒತ್ತುವ ಹೊರೆ. ಲೋಹ ಮುಖ್ಯವಾಗಿ ಎಳೆತಕ್ಕೆ ದಣಿಯುತ್ತದೆ. ಇಲ್ಲಿ ಒತ್ತಿದಾಗಲೂ ಹಾನಿ ಬೆಳೆಯುತ್ತದೆ, ಪದರ ಬಿಟ್ಟ ಜಾಗದಲ್ಲಿ ನಾರು ಬಾಗಿ ಮಡಚಿಕೊಳ್ಳುತ್ತದೆ. ಸುಮ್ನೆ ಎಳೆತದ ಪರೀಕ್ಷೆ ಮಾತ್ರ ಮಾಡಿ ರೆಕ್ಕೆಗೆ ಆಯಸ್ಸು ಬರೆದುಕೊಡುವುದು ಅಪಾಯ.

ಇಡೀ ರೆಕ್ಕೆಯ ಪರೀಕ್ಷೆಯಲ್ಲಿ ಬುಡವನ್ನು ಗಟ್ಟಿಯಾಗಿ ಬಿಗಿದು, ರೆಕ್ಕೆ ತಾನಾಗಿ ತೂಗುವ ಲಯದಲ್ಲೇ ತಿಂಗಳುಗಟ್ಟಲೆ ತೂಗಿಸುತ್ತಾರೆ. ಬಿಗಿತ ಕಳೆದಂತೆ ಆ ಲಯವೂ ಚೂರು ನಿಧಾನವಾಗುತ್ತದೆ. ಹಾನಿ ಹೆಚ್ಚಾಗಿ ಶುರುವಾಗುವುದು ಅಂಟು ಹಾಕಿದ ಅಂಚಿನಲ್ಲಿ, ಬುಡದ ಬೋಲ್ಟಿನ ಸುತ್ತ, ಇಲ್ಲವೇ ಅಚ್ಚಿನಲ್ಲಿ ಹಾಸುವಾಗ ನಾರು ಸುಕ್ಕಾದ ಕಡೆ. ನಮ್ಮ ಪಟ್ಟಿಗಳೋ, ನಯವಾಗಿ, ನೆಟ್ಟಗೆ, ಒಂದು ಸುಕ್ಕಿಲ್ಲದೆ ಬರುತ್ತವೆ. ಅದಕ್ಕೇ ಈಚೆಗೆ ರೆಕ್ಕೆ ಮಾಡುವವರಿಂದ ಸುಕ್ಕಿರುವ ಹಲಗೆಗಳನ್ನೂ ಕೇಳಿ ತರಿಸುತ್ತೇನೆ. ಕೊಡಲು ಅವರು ಹಿಂಜರಿಯುತ್ತಾರೆ. ಕೊಟ್ಟ ಮೇಲೆ, ಅದರ ಬಿಗಿತದ ಗೆರೆಯನ್ನೂ ಒಳ್ಳೆಯ ಹಲಗೆಯ ಗೆರೆಯನ್ನೂ ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡುತ್ತೇನೆ.