ಬರಿಗಣ್ಣಿಗೆ ಕಾಣುವ ಒಂಟಿ ಕೋಶ

ಹಳೇಬೀಡಿನ ಹೊರಗೋಡೆಯ ಆನೆ, ಕುದುರೆ, ಬಳ್ಳಿಗಳನ್ನು ಎಷ್ಟೇ ಹತ್ತಿರದಿಂದ ನೋಡಿದರೂ ಆ ಕಲ್ಲಿನೊಳಗೆ ಒಂದು ಚಿಪ್ಪು ಸಿಗುವುದಿಲ್ಲ. ಅದು ಬಳಪದ ಕಲ್ಲು. ಮೆಗ್ನೀಸಿಯಂ ಜಾಸ್ತಿ ಇದ್ದ ಅಗ್ನಿಶಿಲೆ ನೆಲದಾಳದಲ್ಲಿ ಶಾಖಕ್ಕೆ, ಒತ್ತಡಕ್ಕೆ, ನೀರಿಗೆ ಸಿಕ್ಕಿ ಮೆತ್ತಗಾದದ್ದು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಗೊರೂರಿನ ಸುತ್ತ ಕಾಣುವ ಪಟ್ಟೆಪಟ್ಟೆ ನೈಸ್ ಬಂಡೆ ಇನ್ನೂ ಹಿರಿಯದು, 300 ಕೋಟಿ ದಾಟಿದ್ದು. ಚಿಪ್ಪು ಕಟ್ಟುವ ಜೀವಿಗಳು ಆಗ ಭೂಮಿಯ ಮೇಲೆ ಇರಲೇ ಇಲ್ಲ. ಹಾಗಾಗಿ ಹಾಸನ, ಚಿಕ್ಕಮಗಳೂರಿನ ಕಡೆ ಬೆಳೆದ ನಮಗೆ ಕಲ್ಲು ಎಂದರೆ ಜೀವಕ್ಕೆ ಸಂಬಂಧವೇ ಇಲ್ಲದ ವಸ್ತು. ಕಾಫಿ ತೋಟಕ್ಕೆ ಎರಚುವ ಸುಣ್ಣವಾಗಲಿ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆ ಕಲಸುವ ಸುಣ್ಣವಾಗಲಿ ಬಹುಪಾಲು ಬೇರೆ ಕಡೆಯಿಂದ ಲಾರಿಯಲ್ಲಿ ಬಂದದ್ದೇ.

ಈಜಿಪ್ಟಿನ ಗೀಜಾದಲ್ಲಿ ಹಾಗಲ್ಲ. ಅಲ್ಲಿನ ಪಿರಮಿಡ್ಡುಗಳ ಸುಣ್ಣಕಲ್ಲಿನ ತುಂಬ ಸಣ್ಣ ಸಣ್ಣ ದುಂಡು ಬಿಲ್ಲೆಗಳಿವೆ. ಸುಮಾರು 2000 ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದ ಗ್ರೀಕ್ ಭೂಗೋಳಕಾರ ಸ್ಟ್ರೇಬೋ, ಪಿರಮಿಡ್ಡಿನ ಮುಂದೆ ಬಿದ್ದ ಕಲ್ಲುಚೂರುಗಳಲ್ಲಿ ಥೇಟ್ ಮಸೂರ ಬೇಳೆಯಂಥವು ಕಾಣುತ್ತವೆ ಎಂದು ಬರೆದಿದ್ದಾನೆ. ಕೆಲಸಗಾರರು ಉಂಡು ಬಿಟ್ಟ ಕಾಳು ಕಲ್ಲಾಗಿದೆ ಎಂದು ಜನ ಹೇಳುತ್ತಿದ್ದರಂತೆ. ಆ 'ಕಾಳು' ನುಮ್ಯುಲೈಟಿಸ್ ಎಂಬ ಜೀವಿಯ ಚಿಪ್ಪು. ಈಯೊಸೀನ್ ಕಾಲದ್ದು, ಎಂದರೆ 5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದಿನದು. ಬೆರಗು ಹುಟ್ಟಿಸುವುದು ವಯಸ್ಸಲ್ಲ, ಗಾತ್ರ. ಇಡೀ ಜೀವಿ ಒಂದೇ ಒಂದು ಜೀವಕೋಶ. ನಮ್ಮ ಮೈಯ ಕೋಶಗಳನ್ನು ನೋಡಲು ಮೈಕ್ರೋಸ್ಕೋಪ್ ಬೇಕು. ನುಮ್ಯುಲೈಟಿಸ್‌ಗಳಲ್ಲಿ ಕೆಲವು 10 ಸೆಂಟಿಮೀಟರ್ ಅಗಲಕ್ಕೂ ಮೀರಿ ಬೆಳೆದವು.

ಇವುಗಳನ್ನು ನೋಡಲು ಈಜಿಪ್ಟಿಗೇ ಹೋಗಬೇಕಿಲ್ಲ. ಗುಜರಾತಿನ ಕಚ್ಛ್‌ನಲ್ಲಿ, ಮೇಘಾಲಯದಲ್ಲಿ, ಲಡಾಖಿನ ಬೆಟ್ಟಗಳಲ್ಲಿ ಬೇಕಾದಷ್ಟಿವೆ. ಭಾರತದ ನುಮ್ಯುಲೈಟಿಸ್ ಕಲ್ಲುಗಳ ಪಳೆಯುಳಿಕೆಗಳ ಬಗ್ಗೆ ಡಾರ್ಶಿಯಾಕ್ ಮತ್ತು ಏಮ್ ಎಂಬ ಇಬ್ಬರು ಫ್ರೆಂಚರು 1853ರಲ್ಲೇ ದಪ್ಪ ಪುಸ್ತಕ ತಂದಿದ್ದರು. ಹಾಸನದ ನನ್ನ ಮನೆಯ ಮೇಜಿನ ಮೇಲೆ ಕಚ್ಛ್‌ನ ಫುಲ್ರಾ ಸುಣ್ಣಕಲ್ಲಿನ ತುಂಡೊಂದಿದೆ. ಒಂದು ಮುಖ ಕೊಯ್ದು ಪಾಲಿಶ್ ಮಾಡಿದ್ದು. ಪಕ್ಕದ ಮನೆಯ ಹುಡುಗ ಅದನ್ನು ಎತ್ತಿ ನೋಡಿ, "ಏನ್ ಸಾರ್ ಇದು, ಸಿಮೆಂಟಿಗೆ ಅವಲಕ್ಕಿ ಕಲಸಿದ್ದೀರಾ?" ಎಂದ. ತಪ್ಪೇನಿಲ್ಲ, ಕಾಣುವುದು ಹಾಗೆಯೇ. ಅವನ ಕೈಗೆ ಭೂತಗನ್ನಡಿ ಕೊಟ್ಟೆ. ಆಮೇಲೆ ಮಾತಿಲ್ಲ. ಒಂದೊಂದು 'ಅವಲಕ್ಕಿ'ಯ ಒಳಗೂ ಗೋಡೆ, ಗೋಡೆಯ ನಡುವೆ ಕೋಣೆ, ಕೋಣೆಯಿಂದ ಕೋಣೆಗೆ ಕಿಂಡಿ.

ಈ ಜೀವಿಗಳ ಇಡೀ ಬಳಗಕ್ಕೆ ಫೊರಾಮಿನಿಫೆರಾ ಎಂದು ಹೆಸರು. ಚಿಕ್ಕದಾಗಿ ಫೊರಾಮ್. ಹೆಸರಿಟ್ಟವನು ಫ್ರಾನ್ಸಿನ ಆಲ್ಸಿಡ್ ಡೊರ್ಬಿನ್ಯಿ, 1826ರಲ್ಲಿ. ಸುರುಳಿ ಚಿಪ್ಪು, ಒಳಗೆ ಕೋಣೆಗಳು, ಇನ್ನೇನು ಬೇಕು ಎಂದು ಅವನು ಇವುಗಳನ್ನು ಆಕ್ಟೋಪಸ್, ನಾಟಿಲಸ್‌ಗಳ ಗುಂಪಿಗೆ ಸೇರಿಸಿಬಿಟ್ಟ. 1835ರಲ್ಲಿ ಫೆಲಿಕ್ಸ್ ದುಜಾರ್ಡಿನ್ ಜೀವಂತ ಫೊರಾಮ್‌ಗಳನ್ನು ಕೂತು ಗಮನಿಸಿದ. ತಲೆಯಿಲ್ಲ, ಬಾಯಿಲ್ಲ, ತೋಳಿಲ್ಲ. ಚಿಪ್ಪಿನ ರಂಧ್ರಗಳಿಂದ ಅಂಟಂಟಾದ ಎಳೆಗಳು ಹೊರಬಂದು ಬಲೆಯಂತೆ ಹರಡುತ್ತವೆ, ಮತ್ತೆ ಒಳಕ್ಕೆ ಸರಿಯುತ್ತವೆ. ನಡೆಯುವುದೂ ಅದರಿಂದ, ತಿನ್ನುವುದೂ ಅದರಿಂದ.

ಹೆಚ್ಚಿನ ಫೊರಾಮ್‌ಗಳು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಹಾಗಾದರೆ ಕೆಲವು ಮಾತ್ರ ಇಷ್ಟು ದೊಡ್ಡದಾದದ್ದು ಹೇಗೆ? ಉತ್ತರ ಇವತ್ತಿನ ಹವಳದ ದಿಬ್ಬಗಳಲ್ಲಿದೆ. ಲಕ್ಷದ್ವೀಪದ ಮರಳಿನಲ್ಲಿ ಸಿಗುವ ಆಂಫಿಸ್ಟೆಜಿನಾ ಒಂದೆರಡು ಮಿಲಿಮೀಟರಿನ ಹೊಳೆಯುವ ಬಿಲ್ಲೆ. ಜೀವಂತ ಇದ್ದಾಗ ಅದರ ಬಣ್ಣ ಕಂದು, ಏಕೆಂದರೆ ಒಳಗೆ ಡಯಾಟಮ್ ಎಂಬ ಪಾಚಿಗಳು ಬಾಡಿಗೆಗಿವೆ. ಪಾಚಿ ಬಿಸಿಲಿನಲ್ಲಿ ಆಹಾರ ಮಾಡುತ್ತದೆ, ಫೊರಾಮ್‌ಗೂ ಕೊಡುತ್ತದೆ. ಚಿಪ್ಪು ಕಟ್ಟುವ ಕೆಲಸಕ್ಕೂ ಅದರಿಂದ ಅನುಕೂಲ. ಬಿಸಿಲಿಗೆ ಒಡ್ಡಲು ಮೈ ಜಾಸ್ತಿ ಬೇಕು, ಹಾಗಾಗಿ ಚಪ್ಪಟೆ, ಅಗಲ, ನೂರಾರು ಕೋಣೆ. ಚಿಪ್ಪಿನ ಗೋಡೆ ಬೆಳಕು ತೂರುವಷ್ಟು ಪಾರದರ್ಶಕ. ಗೋಡೆಯ ರಂಧ್ರಗಳ ಒಳಬದಿಯಲ್ಲಿ ಸಣ್ಣ ಸಣ್ಣ ಬಟ್ಟಲುಗಳು. ಒಂದೊಂದು ಬಟ್ಟಲಿಗೆ ಒಂದೊಂದು ಡಯಾಟಮ್ ಒರಗಿ ಕೂತಿರುತ್ತದೆ.

ಇಲ್ಲೊಂದು ತಮಾಷೆ ಇದೆ. ಹೊರಗೆ ಬದುಕುವ ಡಯಾಟಮ್‌ಗೆ ಗಾಜಿನಂಥ ಸಿಲಿಕಾ ಕವಚ ಇರುತ್ತದೆ. ಫೊರಾಮ್ ಒಳಗೆ ಸೇರಿದ ಮೇಲೆ ಅದು ಕವಚ ಕಟ್ಟುವುದನ್ನೇ ಬಿಟ್ಟುಬಿಡುತ್ತದೆ. ಡಯಾಟಮ್‌ಗಳ ಜಾತಿ ಗುರುತಿಸುವುದೇ ಕವಚದ ಕೆತ್ತನೆ ನೋಡಿ. ಹಾಗಾಗಿ ಒಳಗಿರುವುದು ಯಾರು ಎಂದು ಹೇಳುವುದೇ ಕಷ್ಟವಾಗಿತ್ತು. ಅಮೆರಿಕದ ಜಾನ್ ಲೀ ಅವುಗಳನ್ನು ಹೊರತೆಗೆದು ಬೇರೆ ಪಾತ್ರೆಯಲ್ಲಿ ಬೆಳೆಸಿದರು. ಹೊರಗೆ ಬಂದದ್ದೇ ಅವು ಮತ್ತೆ ಕವಚ ತೊಟ್ಟವು, ಗುರುತು ಸಿಕ್ಕಿತು.

ಎಲ್ಲ ದೊಡ್ಡ ಫೊರಾಮ್‌ಗಳೂ ಡಯಾಟಮ್ ಸಾಕುವುದಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಮಾರ್ಜಿನೊಪೊರಾ ಸಾಕುವುದು ಡೈನೊಫ್ಲಾಜೆಲೇಟ್‌ಗಳನ್ನು, ಹವಳದೊಳಗೆ ಇರುವಂಥವನ್ನೇ. ಕೆರಿಬಿಯನ್ನಿನ ಆರ್ಕಾಯಸ್‌ನಲ್ಲಿ ಹಸಿರು ಪಾಚಿ. ಪೆನೆರೊಪ್ಲಿಸ್‌ನಲ್ಲಿ ಕೆಂಪು ಪಾಚಿ. ಅಂದರೆ ಪಾಚಿ ಸಾಕುವ ಈ ಉಪಾಯ ಒಂದೇ ಮನೆತನದಿಂದ ಹರಿದುಬಂದದ್ದಲ್ಲ. ಬೇರೆ ಬೇರೆ ವಂಶಗಳು ಬೇರೆ ಬೇರೆ ಕಾಲಕ್ಕೆ ತಾವೇ ಕಂಡುಕೊಂಡದ್ದು. ವರ್ಗೀಕರಣದ ತಲೆನೋವು ಶುರುವಾಗುವುದೇ ಇಲ್ಲಿಂದ. 'ದೊಡ್ಡ ಫೊರಾಮ್' ಎನ್ನುವುದು ಕುಲವೂ ಅಲ್ಲ, ಗಣವೂ ಅಲ್ಲ, ಕೆಲಸದ ಅನುಕೂಲಕ್ಕೆ ಇಟ್ಟುಕೊಂಡ ಮಾತು ಅಷ್ಟೇ. ಹೊರಗಿನ ಆಕಾರ ನೋಡಿ ಸಂಬಂಧ ಹೇಳಲು ಹೋದರೆ ಇವು ಖಂಡಿತ ಮೋಸ ಮಾಡುತ್ತವೆ.

ಒಂದು ಉದಾಹರಣೆ. ಫ್ಯೂಸುಲಿನಾ ಬಳಗದವು ಎರಡೂ ತುದಿ ಚೂಪಾಗಿ ನಡು ಉಬ್ಬಿದ ಚಿಪ್ಪುಗಳು. ಕಾರ್ಬೊನಿಫೆರಸ್ ಮತ್ತು ಪರ್ಮಿಯನ್ ಕಾಲದ ಸಮುದ್ರಗಳಲ್ಲಿ ತುಂಬಿ ತುಳುಕುತ್ತಿದ್ದವು. 25.2 ಕೋಟಿ ವರ್ಷಗಳ ಹಿಂದಿನ ಮಹಾ ಅಳಿವಿನ ಹೊತ್ತಿಗೆ ಒಂದೂ ಉಳಿಯಲಿಲ್ಲ. ಈಯೊಸೀನ್ ಸುಣ್ಣಕಲ್ಲಿನ ಆಲ್ವಿಯೊಲಿನಾ ನೋಡಿ. ಅದೇ ಚೂಪು ತುದಿ, ಅದೇ ಉಬ್ಬು ನಡು, ಅದೇ ಸುತ್ತು. ಆದರೆ ನಡುವೆ ಹೆಚ್ಚುಕಡಿಮೆ 20 ಕೋಟಿ ವರ್ಷ. ನೆಂಟಸ್ತಿಕೆ ಏನೂ ಇಲ್ಲ. ವ್ಯತ್ಯಾಸ ಗೊತ್ತಾಗುವುದು ಗೋಡೆಯನ್ನು ನೋಡಿದಾಗ. ಫ್ಯೂಸುಲಿನಾದ್ದು ಅತಿ ಸಣ್ಣ ಕಣಗಳು ಒತ್ತೊತ್ತಾಗಿ ಸೇರಿದ ಗೋಡೆ. ಆಲ್ವಿಯೊಲಿನಾದ್ದು ಪಿಂಗಾಣಿಯಂತೆ ಬಿಳಿಚಿದ, ರಂಧ್ರವಿಲ್ಲದ ಗೋಡೆ. ನುಮ್ಯುಲೈಟಿಸ್, ಆಂಫಿಸ್ಟೆಜಿನಾಗಳದು ಗಾಜಿನಂಥ, ರಂಧ್ರಗಳಿರುವ ಗೋಡೆ. ಕ್ರಿಟೇಶಿಯಸ್ ಕಾಲದ ಆರ್ಬಿಟೊಲಿನಾ ಮರಳಿನ ಕಣ ಅಂಟಿಸಿಕೊಂಡು ಗೋಡೆ ಕಟ್ಟುತ್ತಿತ್ತು. ಲೋಬ್ಲಿಕ್ ಮತ್ತು ಹೆಲೆನ್ ಟಾಪನ್ ಎಂಬ ಗಂಡ ಹೆಂಡತಿ 1987ರಲ್ಲಿ ಎರಡು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕುಲಗಳನ್ನು ಜೋಡಿಸಿದಾಗ ಗೋಡೆಗೇ ಮೊದಲ ಮಣೆ ಹಾಕಿದ್ದರು. ಮುಂದೆ ಡಿಎನ್ಎ ಬಂತು. 2013ರ ಹೊಸ ವರ್ಗೀಕರಣದಲ್ಲಿ ಪಿಂಗಾಣಿಯವರೂ ಗಾಜಿನವರೂ ಎರಡು ಬೇರೆ ಬೇರೆ ವರ್ಗಗಳಿಗೇ ಹೋದರು. ಗೋಡೆ ಹೇಳಿದ್ದು ಇಲ್ಲಿ ಸುಳ್ಳಾಗಲಿಲ್ಲ.

ಗೋಡೆ ನೋಡಬೇಕಾದರೆ ಕೊಯ್ಯಲೇಬೇಕು. ಕಲ್ಲನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರಿಗೆ ಇಳಿಯುವವರೆಗೆ ತೇಯುವುದು ಒಂದು ದಾರಿ. ಬಿಡಿ ನುಮ್ಯುಲೈಟಿಸ್ ಸಿಕ್ಕರೆ ಹಳೆಯ, ಸುಲಭದ ಉಪಾಯ ಇನ್ನೊಂದಿದೆ. ಇಕ್ಕಳದಲ್ಲಿ ಹಿಡಿದು ಉರಿಯಲ್ಲಿ ಚೆನ್ನಾಗಿ ಕಾಯಿಸಿ ತಣ್ಣೀರಿಗೆ ಹಾಕಿ. ಟಪ್ ಅಂತ ಸರಿಯಾಗಿ ನಡುವಿಗೇ ಎರಡು ಹೋಳಾಗುತ್ತದೆ. ಸುರುಳಿ ಪೂರ್ತಿ ಕಣ್ಣಮುಂದೆ.

ಹೀಗೆ ಒಡೆದು ನೋಡಿದವರಿಗೆ ಇನ್ನೊಂದು ಗೋಜಲು ಕಂಡಿತು. ಒಂದೇ ಪದರದಲ್ಲಿ ಯಾವಾಗಲೂ ಎರಡು ನುಮ್ಯುಲೈಟಿಸ್ ಜೋಡಿಯಾಗಿ ಸಿಗುತ್ತಿದ್ದವು. ಒಂದು ದೊಡ್ಡದು, ಆದರೆ ನಡುವಿನ ಮೊದಲ ಕೋಣೆ ಕಣ್ಣಿಗೇ ಕಾಣದಷ್ಟು ಚಿಕ್ಕದು. ಇನ್ನೊಂದು ಚಿಕ್ಕದು, ಅದರ ಮೊದಲ ಕೋಣೆ ಮಾತ್ರ ದೊಡ್ಡದು. ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದರು. 1880ರಲ್ಲಿ ಮ್ಯುನಿಯೆ-ಶಾಲ್ಮಾ ಎಂಬ ಫ್ರೆಂಚ್ ವಿಜ್ಞಾನಿ, ಇವೆರಡೂ ಒಂದೇ ಜಾತಿಯ ಎರಡು ರೂಪ ಎಂದ. ಜೀವಂತ ಫೊರಾಮ್‌ಗಳು ಕಾರಣ ತೋರಿಸಿದವು. ಗಂಡು ಹೆಣ್ಣಿನ ಗೊಡವೆಯಿಲ್ಲದೆ ಮರಿ ಮಾಡುವಾಗ ತಾಯಿ ತನ್ನ ಕೋಶವನ್ನೆಲ್ಲ ನೂರಾರು ಪಾಲು ಮಾಡಿ ಹಂಚಿಬಿಡುತ್ತದೆ, ಪಾಚಿ ಸಮೇತ. ತಾಯಿಯ ಕಡೆ ಉಳಿಯುವುದು ಖಾಲಿ ಚಿಪ್ಪು. ಮರಿಗೆ ಆಸ್ತಿ ಜಾಸ್ತಿ, ಮೊದಲ ಕೋಣೆಯೂ ದೊಡ್ಡದು. ಲಿಂಗಾಣುಗಳು ಕೂಡಿ ಹುಟ್ಟಿದ್ದಕ್ಕೆ ಬರಿಗೈ. ಸೊನ್ನೆಯಿಂದ ಶುರು ಮಾಡಿ, ಬಹಳ ಕಾಲ ಬೆಳೆದು, ಕೊನೆಗೆ ಅದೇ ದೊಡ್ಡದಾಗುತ್ತದೆ.

ಕಲ್ಲು ನೋಡಿ ನೋಡಿ ದಾರಿ ತಪ್ಪಿದವರೂ ಇದ್ದಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸ್ಪಂಜುಗಳ ತಜ್ಞನಾಗಿದ್ದ ರಾಂಡಾಲ್ಫ್ ಕರ್ಕ್‌ಪ್ಯಾಟ್ರಿಕ್‌ಗೆ 1912ರ ಹೊತ್ತಿಗೆ ಎಲ್ಲ ಕಲ್ಲಲ್ಲೂ ನುಮ್ಯುಲೈಟಿಸ್ ಕಾಣತೊಡಗಿತು. ಲಾವಾದಲ್ಲಿ, ಗ್ರಾನೈಟ್‌ನಲ್ಲಿ, ಆಕಾಶದಿಂದ ಬಿದ್ದ ಉಲ್ಕೆಯಲ್ಲಿ ಕೂಡ. ಭೂಮಿಯ ತೊಗಟೆಯೇ ನುಮ್ಯುಲೈಟಿಸ್ ಎಂದು ಕೈಯಿಂದ ದುಡ್ಡು ಹಾಕಿ ಪುಸ್ತಕ ಅಚ್ಚು ಹಾಕಿಸಿದ. ಅವನ ಲೆಕ್ಕದಲ್ಲಿ ನಮ್ಮ ಗೊರೂರಿನ ಬಂಡೆಯೂ ಬಚಾವಾಗುತ್ತಿರಲಿಲ್ಲ! ಪಾಪ, ಸ್ಪಂಜಿನ ಬಗ್ಗೆ ಅವನು ಹೇಳಿದ್ದ ಒಂದು ಮುಖ್ಯವಾದ ವಿಷಯ ನಿಜವೇ ಆಗಿತ್ತು. ಅದನ್ನು ಒಪ್ಪಿಕೊಳ್ಳಲು ಉಳಿದವರಿಗೆ ದಶಕಗಳೇ ಬೇಕಾದವು.

ಆಕಾರ ನೆಂಟಸ್ತಿಕೆ ಹೇಳುವುದಿಲ್ಲ ಸರಿ, ಆದರೆ ವಿಳಾಸ ಹೇಳುತ್ತದೆ. ಅಲೆ ಬಡಿಯುವ, ಬಿಸಿಲು ಸುಡುವ ಮೇಲ್ನೀರಿನಲ್ಲಿ ಆಂಫಿಸ್ಟೆಜಿನಾ ದಪ್ಪಗೆ, ಉಂಡೆಯಂತೆ ಇರುತ್ತದೆ. ಕೆಳಕ್ಕೆ ಇಳಿದಂತೆ ಅದೇ ಬಳಗದವು ತೆಳ್ಳಗಾಗುತ್ತವೆ. 50 ಮೀಟರಿನಿಂದ ನೂರು ಮೀಟರಿನ ಆಚೆಗೂ, ಮಬ್ಬು ಬೆಳಕಿನಲ್ಲಿ ಬದುಕುವ ಸೈಕ್ಲೊಕ್ಲಿಪಿಯಸ್ ಅಗಲವಾದ ತೆಳು ತಟ್ಟೆ. ನುಮ್ಯುಲೈಟಿಸ್‌ನ ಈ ಸಂಬಂಧಿಕ ಈಗಲೂ ಬದುಕಿದೆ. ಇಷ್ಟು ಗೊತ್ತಾದರೆ ಪಳೆಯುಳಿಕೆಯ ದಪ್ಪ ಅಗಲ ಅಳೆದು ಆ ಜಾಗದಲ್ಲಿ ಸಮುದ್ರ ಎಷ್ಟು ಆಳ ಇತ್ತು ಎಂದು ಅಂದಾಜು ಮಾಡಬಹುದು. ಲಿಬಿಯಾ, ಟ್ಯುನೀಶಿಯಾ ಕಡೆ ನುಮ್ಯುಲೈಟಿಸ್ ಸುಣ್ಣಕಲ್ಲಿನಲ್ಲೇ ತೈಲ ನಿಂತಿರುವುದರಿಂದ ಇದು ಸುಮ್ನೆ ಕುತೂಹಲದ ಲೆಕ್ಕವಲ್ಲ. ಲಡಾಖಿನಲ್ಲಿ ಇವೇ ಚಿಪ್ಪುಗಳು, ಭಾರತ ಮತ್ತು ಏಷ್ಯಾದ ನಡುವಿನ ಸಮುದ್ರ ಮುಚ್ಚಿಹೋದ ಕಾಲವನ್ನು ಗುರುತಿಸಲು ನೆರವಾಗಿವೆ.

ಇವುಗಳಿಗೆ ಬೇಕಾದದ್ದು ಬೆಚ್ಚಗಿನ, ತಿಳಿಯಾದ, ಸಾರ ಕಡಿಮೆ ಇರುವ ನೀರು. ತೋಟ ಮಾಡುವವರಿಗೆ ಇದು ವಿಚಿತ್ರ ಅನ್ನಿಸಬಹುದು, ಅಲ್ವಾ? ಗೊಬ್ಬರದ ಅಂಶ ಹರಿದುಬಂದರೆ ನೀರು ಪಾಚಿಗಟ್ಟಿ ಬೆಳಕು ತಪ್ಪುತ್ತದೆ. ಹೊರಗೇ ಊಟ ಜಾಸ್ತಿ ಸಿಕ್ಕುವಾಗ ಒಳಗೆ ಪಾಚಿ ಸಾಕಿಕೊಂಡವರಿಗೆ ಲಾಭವೂ ಇಲ್ಲ. ಅಂಥ ಕಡೆ ಸಣ್ಣ, ಒರಟು ಫೊರಾಮ್‌ಗಳದೇ ರಾಜ್ಯ. ಅಮೆರಿಕದ ಪಮೇಲಾ ಹ್ಯಾಲಕ್ ಮತ್ತು ಸಂಗಡಿಗರು 2003ರಲ್ಲಿ ಇದನ್ನೇ ಒಂದು ಅಳತೆಗೋಲು ಮಾಡಿದರು. ದಿಬ್ಬದ ಪಕ್ಕದ ಒಂದಿಷ್ಟು ಮರಳಿನಿಂದ ಫೊರಾಮ್ ಚಿಪ್ಪುಗಳನ್ನು ಆರಿಸಬೇಕು. ಪಾಚಿ ಸಾಕುವವುಗಳ ಪಾಲನ್ನು 10ರಿಂದ, ಕೊಳಕು ನೀರು ತಡೆಯುವವುಗಳನ್ನು 1ರಿಂದ, ಉಳಿದ ಸಣ್ಣವನ್ನು 2ರಿಂದ ಗುಣಿಸಿ ಕೂಡಬೇಕು. ಕಾಲು ಭಾಗ ಪಾಚಿಯವು, ಮುಕ್ಕಾಲು ಭಾಗ ಉಳಿದ ಸಣ್ಣವು ಎಂದಿಟ್ಟುಕೊಳ್ಳಿ. 2.5 ಮತ್ತು 1.5 ಸೇರಿ 4. ನಾಲ್ಕು ದಾಟಿದರೆ ಆ ನೀರು ಹವಳ ಬೆಳೆಯಲು ಲಾಯಕ್ಕು. ಎರಡಕ್ಕಿಂತ ಕೆಳಗೆ ಹೋದರೆ ಇಲ್ಲ. ಬೇಕಾದದ್ದು ಒಂದು ಹಿಡಿ ಮರಳು, ಒಂದು ಮೈಕ್ರೋಸ್ಕೋಪ್, ಹಟ ಹಿಡಿದು ಕೂರುವ ಒಬ್ಬರು. ದುಬಾರಿ ಯಂತ್ರಗಳಿಗಿಂತ ನನಗೆ ಇದೇ ಇಷ್ಟ.

ಬಿಸಿ ಮತ್ತು ಬೆಳಕು ಅತಿಯಾದರೆ ಹವಳದಂತೆ ಇವೂ ಬಿಳಿಚಿಕೊಳ್ಳುತ್ತವೆ. ಫ್ಲಾರಿಡಾದ ಆಂಫಿಸ್ಟೆಜಿನಾಗಳಲ್ಲಿ 1991ರಲ್ಲೇ ಅದು ಕಂಡಿತ್ತು. ಆದರೆ ಬಿಸಿ ಏರಿದಂತೆ ಎಲ್ಲ ಕಡೆಯೂ ಇವು ಸೋಲುತ್ತಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದ ಆಂಫಿಸ್ಟೆಜಿನಾ ಲೋಬಿಫೆರಾ ಮೆಡಿಟರೇನಿಯನ್ ಹೊಕ್ಕಿತು. ಅಲ್ಲಿನ ನೀರು ಬೆಚ್ಚಗಾಗುತ್ತ ಹೋದಂತೆ ಅದು ಪಶ್ಚಿಮಕ್ಕೆ ಹರಡುತ್ತಿದೆ. ಪೂರ್ವದ ಕೆಲವು ದಡಗಳಲ್ಲಿ ಸ್ಥಳೀಯ ಫೊರಾಮ್‌ಗಳನ್ನು ಮೂಲೆಗೆ ತಳ್ಳಿದೆ. ಅಲ್ಲಿ ಮರಳು ಜರಡಿ ಹಿಡಿದರೆ ಸಿಗುವುದು ಹೆಚ್ಚಾಗಿ ಅದೊಂದೇ.